ರೊಟ್ಟಿ ಬಡಿಯುವವರ ತಲೆಯ ಮೇಲಿನ ಸೂರು

ಶಿವಬಸವ ನಗರದ ಗೌರವ್ವನ ಖಾನಾವಳಿಯಲ್ಲಿ ಉಂಡವರು ಯಾರೇ ಸಿಗಲಿ, ಮೊದಲು ಆಕೆಯ ಬಾಯಿಗೆ ಎಷ್ಟು ಹೆದರುತ್ತಿದ್ದೆವು ಎಂದು ಹೇಳುತ್ತಾರೆ, ಆಮೇಲೆ ರೊಟ್ಟಿಯ ಮಾತು. ನಾನೂ ಹೆದರುತ್ತಿದ್ದೆ. ಎರಡು ಸಾವಿರದ ಇಸವಿಯಲ್ಲಿ ನಾನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸೂಪರ್‌ವೈಸರ್. ಕೈಯಲ್ಲಿ ಡಿಪ್ಲೊಮಾ, ತಲೆಯಲ್ಲಿ ಅದರ ಗರ್ವ, ಎರಡು ಹೊತ್ತಿನ ಊಟ ಗೌರವ್ವನಲ್ಲಿ.

ಮುಂದೆ ಪತ್ರಾಸಿನ ತಗಡು ಹೊದಿಸಿದ ಪಡಸಾಲೆ. ನಾವು ಉಣ್ಣುತ್ತಿದ್ದುದು ಅಲ್ಲಿ. ಅದರ ಹಿಂದೆ ರೊಟ್ಟಿಮನೆ: ನಾಲ್ಕು ಒಲೆ, ನಾಲ್ವರು ಹೆಂಗಸರು, ಕೈ ಎತ್ತಿದರೆ ತಾಗುವಷ್ಟು ತಗ್ಗಿನಲ್ಲಿ ಸಪಾಟು ಸ್ಲ್ಯಾಬು. ಗೌರವ್ವನ ಗಂಡ ತೀರಿಹೋಗುವ ಮುಂಚೆ ಹಾಕಿಸಿದ್ದ ಆ ಸ್ಲ್ಯಾಬು ಮಳೆಗಾಲಕ್ಕೆ ಸೋರುತ್ತಿತ್ತು, ಬೇಸಿಗೆಗೆ ಕಾದು ಕೆಂಡವಾಗುತ್ತಿತ್ತು. ಕೆಳಗೆ ಒಲೆ, ಮೇಲೆ ಅದು.

ಆ ವರ್ಷ ಏಪ್ರಿಲ್‌ನ ಒಂದು ಮಧ್ಯಾಹ್ನ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹೋಗಿ ನೋಡಿದರೆ ಭೀಮಕ್ಕ ಹಿಟ್ಟಿನ ಪರಾತದ ಮೇಲೆ ಬಿದ್ದಿದ್ದಳು. ಐವತ್ತರ ಹೆಂಗಸು. ಹನ್ನೆರಡು ವರ್ಷದಿಂದ ದಿನಾ ಖಾನಾಪುರದ ಮೊದಲ ಬಸ್ಸಿಗೆ ಬಂದು ಕಡೆಯ ಬಸ್ಸಿಗೆ ಹೋಗುವವಳು. ಗಂಡ ಕುರಿ ಮಾರಿ ಕೂತ ಮೇಲೆ ಆ ಮನೆ ನಡೆಯುತ್ತಿದ್ದುದು ಆಕೆಯ ರೊಟ್ಟಿಯಿಂದಲೇ. ಇಂಥ ಕಾವಿನಲ್ಲಿ ಮತ್ತೆ ಕೂತರೆ ಜೀವಕ್ಕೆ ಕುತ್ತು ಎಂದು ಡಾಕ್ಟರು ಹೇಳಿದರು. ಆದರೂ ಭೀಮಕ್ಕ ಮೂರನೆಯ ದಿನವೇ ಬಂದು ಒಲೆಯ ಮುಂದೆ ಕೂತಳು.

ಗೌರವ್ವ ಆಕೆಯ ಕೈ ಹಿಡಿದು ಎಬ್ಬಿಸಿದರು. "ನಡಿ ಮನಿಗೆ. ನಿನ್ನ ಒಲಿ ಯಾರಿಗೂ ಕೊಡಂಗಿಲ್ಲ. ಈ ಸೂರು ಬದಲಿ ಮಾಡಿ, ಕರಿಯಾಕ ನಾನ ಬರತೇನಿ."

"ಅಕ್ಕಾರ, ಸೂರು ಯಾವದಾದ್ರೂ ಬಿಸಲ ಬಿಸಲನ ಅಲ್ರಿ," ಎಂದಳು ಭೀಮಕ್ಕ. ಅಳುತ್ತಲೇ ಬಸ್ಸು ಹತ್ತಿದಳು. ಕೆಲಸ ಹೋಯಿತು ಎಂದೇ ಆಕೆ ತಿಳಿದಿದ್ದಳು, ಸುಳ್ಳೇಕೆ, ನಾವೂ ಹಾಗೇ ತಿಳಿದಿದ್ದೆವು.

ಜುಲೈ ಮಳೆಗೆ ಸ್ಲ್ಯಾಬಿನ ಒಂದು ಹೆಂಟೆ ಕಳಚಿ ಹಿಟ್ಟಿನ ಡಬ್ಬಿಯೊಳಗೇ ಬಿತ್ತು. ಮೇಲೆ ನೋಡಿದರೆ ಸರಳುಗಳೆಲ್ಲ ತುಕ್ಕು. ಕೆಡವಿ ಹೊಸದು ಹಾಕದೆ ಗತಿಯಿರಲಿಲ್ಲ. ಗೌರವ್ವನ ಮೈದುನ ಗುರುಪುತ್ರಪ್ಪ ಮನೆ ಕಟ್ಟಿಸುವ ಗುತ್ತಿಗೆ ಹಿಡಿಯುತ್ತಿದ್ದ. ಕೇಳುವ ಮೊದಲೇ ಟೇಪು ಹಿಡಿದುಕೊಂಡು ಬಂದ.

"ನಾಕ ಇಂಚು ಸ್ಲ್ಯಾಬ್ ಹಾಕಿ, ಮ್ಯಾಲ ಡಾಂಬರ ಹಾಳಿ ಬಡದ ಬಿಡೂಣು, ವೈನಿ. ಹನಿ ನೀರ ಇಳಿಯಂಗಿಲ್ಲ."

"ನೀರಿನ ಮಾತಾತು. ಬಿಸಲಿಗೆ ಏನ ಮಾಡ್ತಿ? ಕರೇ ಹಾಳಿ ಹೊದಸಿದ್ರ ಇನ್ನಷ್ಟ ಕಾಯತೈತಿ."

"ಬಿಸಲಿಗೆ ಯಾರೇನ ಮಾಡಾಕ ಬರತೈತಿ? ರೊಟ್ಟಿ ಬಡಿಯೂ ಕೆಲಸಾನ ಹಂತಾದ್ದು."

"ಹಂಗಾದ್ರ ನಾಳಿಂದ ಭೀಮಕ್ಕನ ಒಲಿ ಮುಂದ ನೀ ಕುಂದರು."

ಗುರುಪುತ್ರಪ್ಪ ನಕ್ಕ. ಗೌರವ್ವ ನಗಲಿಲ್ಲ. ಆ ನಗು ನೋಡಿ ನನಗೂ ಮೈ ಉರಿಯಿತು. ಉರಿದ ಹುರುಪಿನಲ್ಲಿ ನಾನು ನನ್ನ ಡಿಪ್ಲೊಮಾ ಹೊರತೆಗೆದೆ. ಥರ್ಮಾಕೋಲ್ ಶೀಟು ಹಾಸಿ ಅದರ ಮೇಲೆ ಕಾಂಕ್ರೀಟು ಹಾಕಿರಿ, ಶೀತಲಗೃಹಗಳಿಗೆಲ್ಲ ಅದನ್ನೇ ಬಳಸುತ್ತಾರೆ ಎಂದೆ. ಮರುದಿನ ಒಂದು ತುಂಡನ್ನೂ ತಂದುಕೊಟ್ಟೆ. ಗೌರವ್ವ ಅದನ್ನು ಜೋಳದ ಚೀಲದ ಹಿಂದೆ ಇಟ್ಟು, ನಾಲ್ಕು ದಿನ ಬಿಟ್ಟು ನನ್ನ ತಾಟಿನ ಪಕ್ಕಕ್ಕೆ ತಂದಿಟ್ಟರು. ಇಲಿ ಅದರಲ್ಲಿ ಸುರಂಗ ಕೊರೆದಿತ್ತು.

"ಹಿಟ್ಟಿನ ಮನಿ ಇದು, ತಮ್ಮಾ. ಇಲಿಗೆ ಮೆತ್ತಗಿನ ಹಾಸಿಗಿ ತಂದಿ. ಭೀಮಕ್ಕಗ ಏನ ತಂದಿ?"

ದೀಪಾವಳಿ ಮುಗಿದ ಮೇಲೆ ಗೌರವ್ವ ಭೀಮಕ್ಕನನ್ನು ನೋಡಲು ಖಾನಾಪುರಕ್ಕೆ ಹೊರಟಾಗ, ಹಬ್ಬದ ತಿಂಡಿ, ಫರಾಳದ ಚೀಲ ಹೊರುವುದಕ್ಕೆ ನನ್ನ ವಾರದ ರಜೆ ಬಲಿಯಾಯಿತು. ಭೀಮಕ್ಕನ ಮನೆಯ ಪಕ್ಕದಲ್ಲೇ ಕುಂಬಾರ ಹಣಮಪ್ಪನ ಛಪ್ಪರ. ಮಳೆ ಹೋದ ಮೇಲಿನ ಬಿಸಿಲು ಚುರುಗುಟ್ಟುತ್ತಿತ್ತು. ನೀರು ಕುಡಿಯಲು ಅಲ್ಲಿ ಕೂತ ಗೌರವ್ವ ಐದು ನಿಮಿಷವಾದರೂ ಏಳಲಿಲ್ಲ. ಒಮ್ಮೆ ಆ ಮೂಲೆಗೆ ಸರಿದು ಕೂತರು, ಒಮ್ಮೆ ಈ ಮೂಲೆಗೆ. ಕಡೆಗೆ ತಲೆ ಎತ್ತಿ ಕೇಳಿದರು.

"ಹಣಮಪ್ಪ, ಈ ಬಾಜು ತಂಪು, ಆ ಬಾಜು ಕಾವು. ಯಾಕ?"

"ಈ ಬಾಜು ಅಟ್ಟದ ಮ್ಯಾಲ ಗಡಿಗಿ ಬೋರಲ ಹಾಕೇನ್ರಿ. ಸೀಳಿದ್ದು, ಸೊಟ್ಟ ಆಗಿದ್ದು. ನೀರ ನಿಲ್ಲಂಗಿಲ್ಲ, ಮಾರಾಟ ಆಗಂಗಿಲ್ಲ. ಒಗಿಯಾಕ ಮನಸ ಆಗಂಗಿಲ್ಲ."

ಗಡಿಗೆಯೊಳಗೆ ಗಾಳಿ ಸಿಕ್ಕಿಕೊಂಡು ಕೂತಿದೆ, ಅದು ಕಾವನ್ನು ಕೆಳಗೆ ಬಿಡುವುದಿಲ್ಲ ಎಂದು ನಾನು ವಿವರಿಸಲು ಹೋದೆ. ಗೌರವ್ವ ಅಷ್ಟರಲ್ಲೇ ಅಟ್ಟದ ಗಡಿಗೆ ಎಣಿಸತೊಡಗಿದ್ದರು.

ಹೊಸ ಸ್ಲ್ಯಾಬಿನ ಮೇಲೆ ಗಡಿಗೆ ಬೋರಲು ಹಾಕಿಸುತ್ತಾರೆ ಎಂಬ ಸುದ್ದಿ ತಿಳಿದ ಗುರುಪುತ್ರಪ್ಪ ಕೈ ಝಾಡಿಸಿಬಿಟ್ಟ. "ಬೋರಲ ಗಡಿಗಿ ಬುಡಕ ಮಂದಿ ಕುಂದರೂದು ಛಲೋ ಅಲ್ಲ, ವೈನಿ. ಅಪಶಕುನ. ಓಣಿ ಮಂದಿ ಏನಂದಾರು?"

"ಕೊರಳಾಗ ಲಿಂಗ ಕಟಗೊಂಡಾವಗ ಗಡಿಗಿ ಅಂಜಿಕಿ ಯಾವಾಗಿಂದ ಬಂತು? ಅಪ್ಪ ಬಸವಣ್ಣನ ಹೆಸರ ತಗೊಳ್ಳೂ ಮನ್ಯಾಗ ಶಕುನ ಕೇಳಾಕ ಹತ್ತೀಯಲ್ಲ, ನಾಚಿಕಿ ಬರೂದಿಲ್ಲ?"

ಗುರುಪುತ್ರಪ್ಪ ಅಪಶಕುನವನ್ನು ಅಲ್ಲಿಗೇ ಬಿಟ್ಟು ಕಸುಬಿನ ಮಾತಿಗೆ ಬಂದ. ಅಷ್ಟಕ್ಕೆಲ್ಲ ಕಾವು ತಡೆಯುವುದಿಲ್ಲ, ಮೇಲಾಗಿ ಯಾರಾದರೂ ಮಾಳಿಗೆ ಹತ್ತಿದರೆ ಗಡಿಗೆ ಪುಡಿಯಾಗುತ್ತವೆ ಎಂದ. ಅವನ ಮಾತಿನಲ್ಲಿ ಹುರುಳಿತ್ತು. ನನಗೂ ಅದೇ ಅನುಮಾನ.

ಮುಂದಿನ ರವಿವಾರ ಗೌರವ್ವ ನಮ್ಮಿಬ್ಬರನ್ನೂ ಹಿತ್ತಲಿಗೆ ಕರೆದರು. ಹಳೆಯ ಸ್ಲ್ಯಾಬಿನಿಂದ ಕಿತ್ತ ಎರಡು ಹೆಂಟೆಗಳ ತಳಕ್ಕೆ ಬೆಣ್ಣೆ ಮೆತ್ತಿ ಇಟ್ಟಿಗೆಗಳ ಮೇಲೆ ನಿಲ್ಲಿಸಿದ್ದರು. ಒಂದು ಬರಿದೇ ಇತ್ತು. ಇನ್ನೊಂದರ ಮೇಲೆ ಎರಡು ಪುಟ್ಟ ಕುಡಿಕೆ ಬೋರಲು ಹಾಕಿ, ಸುತ್ತ ಗಾರೆ ತುಂಬಿ, ಮೇಲೆ ಟೈಲ್ಸಿನ ಬಿಲ್ಲೆ ಮುಚ್ಚಿದ್ದರು. ಎರಡರ ಮೇಲೂ ಒಂದೊಂದು ಕಾದ ರೊಟ್ಟಿಹಂಚು ಇಟ್ಟರು. ಸೂರ್ಯ ಮೇಲಿರುವುದರಿಂದ ಹಂಚೂ ಮೇಲೆಯೇ ಇರಬೇಕು ಎಂದು ಅವರಿಗೆ ಯಾವ ಡಿಪ್ಲೊಮಾ ಕಲಿಸಿತ್ತೋ ನನಗೆ ಗೊತ್ತಿಲ್ಲ. ಹಂಚು ಆರಿದಂತೆಲ್ಲ ಒಲೆಯ ಮೇಲಿನ ಬಿಸಿ ಹಂಚು ತಂದು ಬದಲಿಸಿದರು. ಮುಕ್ಕಾಲು ತಾಸು ನಾವು ಮೂವರೂ ಮೊಣಕಾಲೂರಿ ಬೆಣ್ಣೆ ನೋಡುತ್ತ ಕೂತೆವು. ಬರಿಯ ಸ್ಲ್ಯಾಬಿನ ಬೆಣ್ಣೆ ಕರಗಿ ತೊಟ್ಟಿಕ್ಕಿತು. ಕುಡಿಕೆಯ ಕೆಳಗಿನದು ಮೆತ್ತಿದ ಹಾಗೇ ಇತ್ತು.

ಆಮೇಲೆ ಆರು ಗಡಿಗೆ ಬೋರಲು ಹಾಕಿಸಿ, ಮೇಲೆ ಹಲಗೆ ಇಡಿಸಿ, ಗೌರವ್ವ ತಾವೇ ಹತ್ತಿ ನಿಂತರು. ಅವರದು ಸಣ್ಣ ಶರೀರವಲ್ಲ. ಗುರುಪುತ್ರಪ್ಪ ಬಗ್ಗಿ ಗಡಿಗೆಗಳನ್ನೇ ದಿಟ್ಟಿಸಿದ. ಒಂದೂ ಚಟಕ್ ಎನ್ನಲಿಲ್ಲ.

"ಈಗ ಹೇಳು, ನೀ ಹಾಕಾವನೋ, ಬ್ಯಾರೆಯವರನ್ನ ಕರಸಲೋ," ಎಂದರು, ಹಲಗೆಯ ಮೇಲಿಂದಲೇ.

ಅವನೇ ಹಾಕಿದ. ಹೇಳಬೇಕಾದ್ದನ್ನು ಹೇಳಬೇಕು, ಒಪ್ಪಿಕೊಂಡ ಮೇಲೆ ಕೆಲಸ ಚೊಕ್ಕ ಮಾಡಿದ. ಡಿಸೆಂಬರಿನಲ್ಲಿ ಹಳೆಯದನ್ನು ಕೆಡವಿ, ಎರಡು ಅಡಿ ಎತ್ತರಿಸಿ ಹೊಸ ಸ್ಲ್ಯಾಬ್ ಹಾಕಿದ. ಹಣಮಪ್ಪನ ಸೊಟ್ಟ ಗಡಿಗೆಗಳೆಲ್ಲ ಟೆಂಪೋದಲ್ಲಿ ಹುಲ್ಲಿನ ನಡುವೆ ಕೂತು ಬಂದವು. ಸಾಲಾಗಿ ಬೋರಲು ಹಾಕಿ, ಸಂದಿಗೆ ಇಟ್ಟಿಗೆ ಚೂರು, ಸುಣ್ಣದ ಗಾರೆ ತುಂಬಿ, ನೀರು ಹರಿಯಲು ಇಳಿಜಾರು ಕೊಟ್ಟು, ಮೇಲೆಲ್ಲ ಬಿಳಿಯ ಚೀನಿ ಬಿಲ್ಲೆಯ ಚೂರು ಕೂಡಿಸಿದ. ಬಿಳಿಯದೇ ಆಗಬೇಕು ಎಂದದ್ದು ನಾನು. ಅಷ್ಟಾದರೂ ನನ್ನ ಪಾಲಿಗೆ ಇರಲಿ.

ಯುಗಾದಿ ಹತ್ತಿರವಾಗಿ ಬಿಸಿಲು ಏರಿದಾಗ ಗೌರವ್ವ ತಾವೇ ಖಾನಾಪುರಕ್ಕೆ ಹೋಗಿ ಭೀಮಕ್ಕನನ್ನು ಕರೆತಂದರು. ಆಕೆ ಅಂಜುತ್ತಲೇ ಕೂತಳು. ಮಧ್ಯಾಹ್ನ ಒಂದು ಗಂಟೆ ಹೊಡೆಯಿತು, ನೂರು ರೊಟ್ಟಿ ದಾಟಿತ್ತು. ಭೀಮಕ್ಕ ಕೈ ನಿಲ್ಲಿಸಿ, "ಹೊರಗ ಮೋಡ ಆಗೇತೇನ್ರಿ, ಅಕ್ಕಾರ?" ಎಂದು ಕೇಳಿದಳು. ಹೊರಗೆ ಬಿಸಿಲು ಧಗಧಗ ಉರಿಯುತ್ತಿತ್ತು. ಗೌರವ್ವ ಸೆರಗಿನಿಂದ ಮುಖ ಒರೆಸಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು, ಆದರೆ ತಂಪಿನ ಸುದ್ದಿ ನಿಲ್ಲುತ್ತದೆಯೇ? ಪತ್ರಾಸಿನ ಕೆಳಗೆ ಬೆವರುತ್ತಿದ್ದ ನಾವೆಲ್ಲ ನೀರು ಕೇಳುವ ನೆಪದಲ್ಲಿ ರೊಟ್ಟಿಮನೆಗೆ ಹೋಗಿ ನಿಲ್ಲತೊಡಗಿದೆವು. ವಾರದೊಳಗೆ ಗುರುಪುತ್ರಪ್ಪ ಎಲ್ಲರ ಪರವಾಗಿ ಮಾತೆತ್ತಿದ. ಅವನ ಊಟವೂ ನಮ್ಮ ಜೊತೆಗೇ ನಡೆದಿತ್ತು.

"ವೈನಿ, ಒಲಿ ಹೊರಗ ತಂದ, ಮಂದೀನ ಒಳಗ ಕುಂದರಸೂಣು. ಗಿರಾಕಿ ದೇವರಿದ್ದಂಗ. ರೊಟ್ಟಿ ಎಲ್ಲಿ ಬಡದರೂ ರೊಟ್ಟಿನ."

ಒಂದಿಬ್ಬರು ಹೌದು ಹೌದು ಎಂದರು. ನಾಚಿಕೆಯ ಮಾತು, ನಾನೂ ತಲೆ ಆಡಿಸಿದೆ. ಒಳಗೆ ಭೀಮಕ್ಕ ಆಗಲೇ ರೊಟ್ಟಿ ಬಡಿಯುವ ಕೊಮಣಿಗೆ ಎತ್ತಿಕೊಂಡು ಎದ್ದುಬಿಟ್ಟಿದ್ದಳು. "ನಾವ ಹೊರಗ ಕುಂದರತೇವ್ರಿ. ಗಿರಾಕಿ ಹೋದ್ರ ಹೆಂಗ್ರಿ?"

"ಕುಂದರು," ಎಂದರು ಗೌರವ್ವ. ಬಾಗಿಲಿಗೆ ಅಡ್ಡ ನಿಂತು ನಮ್ಮತ್ತ ತಿರುಗಿದರು. "ನಿಮಗ ಉಣ್ಣಾಕ ಹದಿನೈದು ಮಿನಿಟ. ಇವರಿಗೆ ಬಡಿಯಾಕ ಏಳ ತಾಸು. ತಂಪು ಯಾರಿಗೆ ಬೇಕು, ನಿಮ್ಮ ಬಾಯಲೆನ ಹೇಳ್ರಿ. ಇದ ಸೇರದಾವರಿಗೆ ಡಬ್ಬಿ ಕಟ್ಟಿ ಕೊಡತೇನಿ, ಮನ್ಯಾಗ ಫ್ಯಾನ ಹಚಗೊಂಡ ಉಣ್ಣರಿ."

ಇಬ್ಬರು ತಾಟು ಬಿಟ್ಟು ಎದ್ದುಹೋದರು. ಗೌರವ್ವ ಅವರನ್ನು ತಡೆಯಲಿಲ್ಲ. ಉಳಿದವರು ತಾಟಿಗೆ ಮುಖ ತಗ್ಗಿಸಿದೆವು. ಗುರುಪುತ್ರಪ್ಪನ ಅಂಗಿ ಬೆನ್ನಿಗೆ ಅಂಟಿತ್ತು. ಸೋತ ಸಿಟ್ಟನ್ನು ಎಲ್ಲಾದರೂ ತೀರಿಸಬೇಕಲ್ಲ, ಒಳಗೆ ನೋಡಿ ದನಿ ಏರಿಸಿದ. "ಏ ಭೀಮಕ್ಕ, ಲಗೂ ರೊಟ್ಟಿ ಕಳಸು."

ಹನ್ನೆರಡು ವರ್ಷ ಆ ಮನೆಯಲ್ಲಿ ಯಾರಿಗೂ ಎದುರಾಡದ ಹೆಂಗಸು ಒಲೆಯ ಮುಂದಿನಿಂದಲೇ ಉತ್ತರ ಕೊಟ್ಟಳು.

"ಬರತಾವ್ರಿ, ಧಣ್ಯಾರ. ಹೊರಗ ಬಿಸಲ ಭಾಳ ಐತಿ, ಅಲ್ಲೀತನಾ ನೀರ ಕುಡೀರಿ."

ಗುರುಪುತ್ರಪ್ಪ ತಂಬಿಗೆ ಎತ್ತಿ ನೀರು ಕುಡಿದ.