ಲಾಕರಮ್ಮನ ನದಿ

ಬಸ್ ನಿಲ್ದಾಣದಲ್ಲಿ ಮುಂಗಡ ಟಿಕೆಟ್ ಕೊಡುವ ಕಿಟಕಿಯ ಹಿಂದೆ ಅವಳು ಕೂರುತ್ತಿದ್ದಳು. ಗಾಜಿನ ಅರ್ಧಚಂದ್ರದ ತೂತಿನಲ್ಲಿ ಕೈಯೊಂದು ಒಳಗೆ ಬರುತ್ತಿತ್ತು, ಟಿಕೆಟ್ ಹಿಡಿದು ಹೊರಗೆ ಹೋಗುತ್ತಿತ್ತು. ಮುಖಕ್ಕಿಂತ ಹೆಚ್ಚು ಅವಳು ನೋಡಿದ್ದು ಕೈಗಳನ್ನೇ. ದಿನವಿಡೀ ಅವಳ ಬಾಯಲ್ಲಿ ಒಂದೇ ಪ್ರಶ್ನೆ: "ಎಷ್ಟು ಜನ?"

ಗಂಡಸರು ತಮ್ಮನ್ನು ಸೇರಿಸಿಕೊಂಡೇ ಲೆಕ್ಕ ಹೇಳುತ್ತಿದ್ದರು. ಹೆಂಗಸರು ಹಾಗಲ್ಲ. ಮಕ್ಕಳನ್ನು, ಅತ್ತೆಯನ್ನು, ಗಂಡನನ್ನು ಬೆರಳು ಮಡಚಿ ಎಣಿಸಿ ಹೇಳಿ, ಟಿಕೆಟ್ ಕೈಗೆ ಬಂದ ಮೇಲೆ "ಅಯ್ಯೋ, ನಾನು!" ಎನ್ನುತ್ತಿದ್ದರು. ಹಾಗಾಗಿ ಬಳೆಯಿದ್ದ ಕೈ ಕಂಡರೆ ಅವಳು ಇನ್ನೊಂದು ಪ್ರಶ್ನೆ ಸೇರಿಸುತ್ತಿದ್ದಳು: "ನಿಮ್ಮನ್ನೂ ಸೇರಿಸಿ ತಾನೇ?"

ಪಕ್ಕದ ಕಿಟಕಿಯವಳು ನಗುತ್ತಿದ್ದಳು. "ಅಕ್ಕಾ, ನೀವು ಟಿಕೆಟ್ ಕೊಡ್ತೀರೋ, ಬುದ್ಧಿ ಹೇಳ್ತೀರೋ?"

"ಎರಡೂ. ಬುದ್ಧಿಗೆ ಚಾರ್ಜಿಲ್ಲ."

ಮನೆಯಲ್ಲಿ ಅವಳಿಗೆ ಲಾಕರಮ್ಮ ಎಂದು ಹೆಸರು. ಇಟ್ಟವನು ಮಗ. ಆ ಹೆಸರು ಬಂದದ್ದು ರಜೆಯ ಪ್ರವಾಸಗಳಿಂದ.

ಅವಳ ಗಂಡ ಡ್ರೈವಿಂಗ್ ಶಾಲೆಯ ಮೇಷ್ಟ್ರು. ವರ್ಷವೆಲ್ಲ ಕಲಿಯುವವರ ಪಕ್ಕ ಕೂತು, ಅವರು ಆಮೆಯಂತೆ ಓಡಿಸುವ ಕಾರಿನಲ್ಲಿ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇರಬೇಕಾದ ಮನುಷ್ಯ. ರಜೆ ಬಂತೆಂದರೆ ಆ ಕಾಲಿಗೆ ಬಿಡುಗಡೆ. ಒಂದು ವರ್ಷ ಗುಹೆ, ಇನ್ನೊಂದು ವರ್ಷ ಹಗ್ಗ ಕಟ್ಟಿಕೊಂಡು ಬಂಡೆಯಿಂದ ಇಳಿಯುವುದು, ಮತ್ತೊಂದು ವರ್ಷ ಕಾಡಿನೊಳಗೆ ನಡಿಗೆ. ಅಪ್ಪ, ಮಗಳು, ಮಗ ಹೊರಡುತ್ತಿದ್ದರು. ಹೊರಡುವ ಮುಂಚೆ ಒಬ್ಬೊಬ್ಬರಾಗಿ ಅವಳ ಮುಂದೆ ನಿಂತು ಫೋನು, ಗಡಿಯಾರ, ಕನ್ನಡಕ, ಚಪ್ಪಲಿ ಕೊಡುತ್ತಿದ್ದರು. ಅವಳು ಚೀಲಗಳ ನಡುವೆ ಕೂತು ಕಾಯುತ್ತಿದ್ದಳು. ಗೋಡೆಯ ಮೇಲೆ ತೂಗುಹಾಕಿದ ಫೋಟೋಗಳಲ್ಲಿ ಹಗ್ಗ ಇದೆ, ಬಂಡೆ ಇದೆ, ಮೂವರು ಹಲ್ಲು ಕಿರಿಯುತ್ತಿದ್ದಾರೆ. ಆ ಮೂವರ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡವಳು ಯಾವ ಫೋಟೋದಲ್ಲೂ ಇಲ್ಲ.

ಈ ಸಲ ಮೇಷ್ಟ್ರಿಗೆ ಬೆಟ್ಟದ ತುದಿಯಲ್ಲಿ ಡೇರೆ ಹಾಕುವ ಹುಚ್ಚು ಹಿಡಿದಿತ್ತು.

"ಅಲ್ಲಿ ಏನೂ ಇಲ್ಲ ಗೊತ್ತಾ? ಅಂಗಡಿ ಇಲ್ಲ, ಕರೆಂಟಿಲ್ಲ, ನಲ್ಲಿ ಇಲ್ಲ. ಅದೇ ಮಜಾ!" ಎಂದ ಊಟದ ಹೊತ್ತಿಗೆ.

"ಏನೂ ಇಲ್ಲದ ಕಡೆಗೆ ಎಲ್ಲಾನೂ ಹೊತ್ಕೊಂಡು ಹೋಗ್ಬೇಕು" ಎಂದಳು ಅವಳು, ಅವನ ತಟ್ಟೆಗೆ ಬಡಿಸುತ್ತ. "ಅಕ್ಕಿಯಿಂದ ಹಿಡಿದು ಬೆಂಕಿಪೊಟ್ಟಣದ ತನಕ. ಅಲ್ಲಿ ಒಲೆ ಹಚ್ಚೋರು ಯಾರು?"

"ಎಲ್ಲರೂ ಸೇರಿ ಮಾಡೋಣ."

"ಇಲ್ಲಿ ಗ್ಯಾಸ್ ಇದೆ, ನಲ್ಲಿ ಇದೆ, ಲೈಟಿದೆ. ಇಲ್ಲೇ ಎಲ್ಲರೂ ಸೇರಿ ಮಾಡಿದ್ದು ನಾನು ನೋಡಿಲ್ಲ."

ಮಗಳು ಕಿಸಕ್ಕನೆ ನಕ್ಕಳು. ಮೇಷ್ಟ್ರು ನಗಲಿಲ್ಲ. "ಹಾಗಾದ್ರೆ ನೀನೇ ಹೇಳು, ಎಲ್ಲಿಗೆ?"

ಎಲ್ಲಿಗೆ ಎಂದು ಇದುವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ. ಆದರೂ ಉತ್ತರ ಬಾಯಿಯಲ್ಲೇ ಕಾದು ಕೂತಿದ್ದಂತೆ ಹೊರಬಂತು. "ನದಿಗೆ. ರಬ್ಬರ್ ದೋಣಿಯಲ್ಲಿ ಸುಳಿ, ಬಂಡೆ ದಾಟ್ಕೊಂಡು ಹೋಗ್ತಾರಲ್ಲ, ಅಲ್ಲಿಗೆ. ನಾನೂ ದೋಣಿಯಲ್ಲಿ ಕೂರ್ತೀನಿ."

"ಅಮ್ಮಾ, ಆಗ ಲಾಕರ್?" ಎಂದ ಮಗ.

"ನಿನಗೆ ನೀರಂದ್ರೆ ಭಯ ಅಲ್ವೇನೇ?" ಎಂದ ಮೇಷ್ಟ್ರು, ನಿಜವಾಗಿಯೂ ಆಶ್ಚರ್ಯದಿಂದ.

ಅವಳು ಸೌಟು ಹಿಡಿದೇ ನಿಂತಳು. ತವರುಮನೆಯ ಹಿಂದೆ ಕಾಲುವೆಯಿತ್ತು. ಶಾಲೆಯಿಂದ ಬಂದವಳು ಚೀಲ ಎಸೆದು ಅದಕ್ಕೆ ಧುಮುಕುತ್ತಿದ್ದಳು, ಕತ್ತಲಾಗುವ ಮುಂಚೆ ಮೇಲೆ ಬರುತ್ತಿರಲಿಲ್ಲ. ಮದುವೆಯ ಹೊಸದರಲ್ಲಿ ಇದನ್ನು ಅವನಿಗೆ ಹೇಳಿದ್ದಳು. ಆಮೇಲೊಮ್ಮೆ ಸಮುದ್ರತೀರಕ್ಕೆ ಹೋದಾಗ ಮಗಳಿನ್ನೂ ಕೈಗೂಸು, ಅವಳು ದಡದಲ್ಲಿ ಉಳಿದಳು. ಮರುವರ್ಷ ಮಗ ಹೊಟ್ಟೆಯಲ್ಲಿದ್ದ, ಆಗಲೂ ಉಳಿದಳು. ಉಳಿದವಳು ಯಾವಾಗ ಹೆದರುವವಳಾದಳೋ ಅವಳಿಗೂ ಗೊತ್ತಾಗಿರಲಿಲ್ಲ.

"ಯಾರು ಹೇಳಿದ್ದು ಭಯ ಅಂತ?"

"ಸರಿ ಬಿಡು. ಆದ್ರೆ ನದಿ ಎಂಥ ಸಾಹಸ? ಕೂತ್ಕೊಂಡು ಹೋಗೋದು. ಬೆಟ್ಟಕ್ಕೇ ಹೋಗೋದು."

"ಹೋಗಿ. ಚೀಲ ನೀವೇ ತುಂಬಿ."

ಜಗಳ ಅಲ್ಲಿಗೆ ಮುಗಿಯಿತು, ಮೇಷ್ಟ್ರ ಪಾಡು ಅಲ್ಲಿಂದ ಶುರುವಾಯಿತು. ಭಾನುವಾರ ಅವನು ಅಟ್ಟ ಹತ್ತಿದ. ಡೇರೆ ಸಿಕ್ಕಿತು, ಅದರ ಕಂಬಿಗಳು ಸಿಗಲಿಲ್ಲ. ಅವು ಅಕ್ವೇರಿಯಂ ಇದ್ದ ಹಳೇ ಪೆಟ್ಟಿಗೆಯಲ್ಲಿವೆಯೆಂದು ಅವಳಿಗೆ ಗೊತ್ತಿತ್ತು, ಅವಳು ಬಟ್ಟೆ ಮಡಚುತ್ತ ಕೂತಳು. ಸಂಜೆಯ ಹೊತ್ತಿಗೆ ಅವನ ಚೀಲದಲ್ಲಿ ಒಂದು ರಾಶಿ ಟಾರ್ಚುಗಳಿದ್ದವು, ಸೋಪಿರಲಿಲ್ಲ. "ನನ್ನ ಕಾಲುಚೀಲ ಎಲ್ಲಿರುತ್ತೆ?" ಎಂದು ಬೀರುವಿನೊಳಗೆ ತಲೆಯಿಟ್ಟು ಕೂಗಿದ.

"ನಿಮ್ಮ ಕಾಲುಚೀಲ ಇರೋ ಕಡೆ."

ಅವನು ತಲೆ ಹೊರಗೆ ತೆಗೆದ. ಕೂದಲಿಗೆ ನುಸಿಗುಳಿಗೆಯ ವಾಸನೆ ಬಡಿದಿತ್ತು. "ನದಿಗೇ ಹೋಗೋಣ ಬಿಡು ಮಾರಾಯ್ತಿ" ಎಂದು ಚೀಲವನ್ನು ತಂದು ಅವಳ ಮುಂದೆ ಇಟ್ಟ.

ಗೆದ್ದೆ ಅನ್ನಿಸಬೇಕಿತ್ತು. ಚೀಲ ಮಾತ್ರ ಮತ್ತೆ ಅವಳ ಕಾಲ ಬುಡಕ್ಕೇ ಬಂದು ಕೂತಿತ್ತು.

ಅವಳು ತುಂಬಿದಳು. ವಾಂತಿಯ ಮಾತ್ರೆ, ಗಾಯಕ್ಕೆ ಪಟ್ಟಿ, ಒದ್ದೆ ಶೂಗೆ ತುರುಕಲು ಹಳೇ ಪೇಪರು, ಮಗ ಹೊರಗಿನ ದಿಂಬಿನ ಮೇಲೆ ಮಲಗುವುದಿಲ್ಲವೆಂದು ಅವನ ದಿಂಬಿನ ಕವರು. ಎಲ್ಲಕ್ಕಿಂತ ಕೆಳಗೆ, ಯಾರಿಗೂ ಹೇಳದೆ ಕೊಂಡಿದ್ದ ತನ್ನ ಕಪ್ಪು ನೈಲಾನ್ ಪ್ಯಾಂಟು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಟಿಕೆಟ್ ಕಿಟಕಿ ಮುಚ್ಚಿ, ವಸತಿಗೃಹಕ್ಕೂ ದೋಣಿಯವರಿಗೂ ತಾನೇ ಫೋನು ಮಾಡಿದಳು. ನಾಲ್ಕು ಹಾಸಿಗೆಯ ಒಂದು ರೂಮು ಹೇಳಿದಳು. ದೋಣಿಯವರನ್ನು ಬಿಡದೆ ವಿಚಾರಿಸಿದಳು: ಸಾಮಾನು ಇಡಲು ಏನಿದೆ? ಬೀಗ ಇರುವ ಕಪಾಟೇ? ಬೀಗದಕೈ ನಮ್ಮ ಹತ್ತಿರವೇ ಇರುತ್ತದೆ ತಾನೇ? ಆ ಕಡೆಯವನು ಎಲ್ಲಕ್ಕೂ ಹೂಂ ಎಂದು, ಕೊನೆಗೆ ಏನೋ ಕೇಳಿ, ಉತ್ತರ ಬರೆದುಕೊಂಡು, ಫೋನಿಟ್ಟ. ಈ ಸಲ ಯಾರೂ ದಡದಲ್ಲಿ ಕೂರಬೇಕಾಗಿಲ್ಲವೆಂದುಕೊಂಡು ಅವಳು ಕಿಟಕಿ ತೆರೆದಳು.

ನದಿ ಹಸಿರಾಗಿತ್ತು, ಸದ್ದು ದೂರದಿಂದಲೇ ಕೇಳುತ್ತಿತ್ತು. ಉದ್ದ ಅಂಗಿಯ ಕೆಳಗೆ ಕಪ್ಪು ಪ್ಯಾಂಟು ಹಾಕಿಕೊಂಡು ಅವಳು ಎಲ್ಲರಿಗಿಂತ ಮುಂದೆ ಮೆಟ್ಟಿಲಿಳಿದಳು. ಕೊರಳಿಗೆ ಸೀಟಿ ಕಟ್ಟಿಕೊಂಡಿದ್ದ ದೋಣಿಯವನು ತೇಲುವ ಜಾಕೆಟ್ಟುಗಳನ್ನು ಹಂಚಿದ. ಮೇಷ್ಟ್ರಿಗೊಂದು, ಮಗಳಿಗೊಂದು, ಮಗನಿಗೊಂದು. ಅವಳು ಕೈ ಚಾಚಿದಳು.

"ನಿಮಗೂ ಬೇಕಾ ಮೇಡಂ? ಫೋನಿನಲ್ಲಿ ಮೂರೇ ಜನ ಅಂದ್ರಲ್ಲ. ಉಳಿದ ಜಾಗ ಇವರಿಗೆ ಕೊಟ್ಬಿಟ್ವಿ." ಆಗಲೇ ದೋಣಿಯಲ್ಲಿ ಕೂತಿದ್ದ ಬೇರೆ ಮೂವರನ್ನು ತೋರಿಸಿದ.

"ನಾನಾ? ಮೂರು ಅಂದೆನಾ?"

"ನಾನೇ ಕೇಳಿದ್ದು ಮೇಡಂ, ಎಷ್ಟು ಜನ ಅಂತ. ನೀವು ಮೂರು ಅಂದ್ರಿ."

ರೂಮಿಗೆ ನಾಲ್ಕು, ದೋಣಿಗೆ ಮೂರು. ಗುಹೆಗೆ ಹೇಳಿದ್ದೂ ಮೂರು, ಬಂಡೆಗೆ ಹೇಳಿದ್ದೂ ಮೂರು. ತಲೆ ಕಪಾಟಿನ ಬೀಗವನ್ನು ವಿಚಾರಿಸುತ್ತಿದ್ದಾಗ ನಾಲಿಗೆ ತನಗೆ ಅಭ್ಯಾಸವಾದದ್ದನ್ನು ಹೇಳಿ ಮುಗಿಸಿತ್ತು. ನಿಮ್ಮನ್ನೂ ಸೇರಿಸಿ ತಾನೇ ಎಂದು ಆ ಕಡೆಯವನು ಕೇಳಿರಲಿಲ್ಲ. ಹಾಗೆ ಕೇಳುವವಳು ಊರಿಗೆಲ್ಲ ಅವಳೊಬ್ಬಳೇ.

"ಇನ್ನೊಂದು ದೋಣಿ?"

"ಇವತ್ತಿಗೆ ಇದೇ ಕೊನೇದು. ಇನ್ನು ಅಣೆಕಟ್ಟಿನಿಂದ ನೀರು ಬಿಡಲ್ಲ."

ನಾಳೆ ಬೆಳಿಗ್ಗೆ ವಾಪಸು ಬಸ್ಸು. ಅದರ ಟಿಕೆಟ್ಟನ್ನು ಅವಳೇ ತೆಗೆದಿದ್ದಳು, ನಾಲ್ಕು.

ಮೇಷ್ಟ್ರು ಜೋರಾಗಿ ನಕ್ಕುಬಿಟ್ಟ. "ನಿನ್ನನ್ನೇ ನೀನು ಮರೆತ್ಯಾ? ಟಿಕೆಟ್ ಕೊಡೋಳು ಅಂತೆ!" ಆಮೇಲೆ ಅವಳ ಮುಖ ನೋಡಿ ನಗು ನುಂಗಿದ. "ಬೇಕಾದ್ರೆ ನೀನು ಹೋಗು. ನಾನಿರ್ತೀನಿ." ಹೇಳುವಾಗ ಅವನ ಬೆರಳುಗಳು ಜಾಕೆಟ್ಟಿನ ಕೊನೆಯ ಪಟ್ಟಿ ಬಿಗಿಯುತ್ತಿದ್ದವು.

"ಅಮ್ಮಾ, ನಾನು ಇಳೀತೀನಿ, ನೀನು ಹೋಗು" ಎಂದಳು ಮಗಳು. ಅವಳು ನಿಜವಾಗಿಯೇ ಹೇಳಿದ್ದಳು.

"ಬೇಡ ಬೇಡ, ನೀವು ಹೋಗಿ" ಎಂದಳು ತಾಯಿ. ಆ ಮಾತೂ ಮೂರು ಎಂಬಷ್ಟೇ ಸಲೀಸಾಗಿ ಹೊರಬಂತು. ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ.

ಮೇಷ್ಟ್ರು ಕನ್ನಡಕ ತೆಗೆದ. ಅವನು ಕೊಡುವ ಮುಂಚೆಯೇ ಅವಳ ಅಂಗೈ ತೆರೆದುಕೊಂಡಿತ್ತು. "ಹೇಗೂ ನೀನಿರ್ತೀಯಲ್ಲ, ಕಪಾಟು ಯಾಕೆ?" ಎಂದು ಚೀಲವನ್ನೂ ಅವಳ ಪಕ್ಕದಲ್ಲಿಟ್ಟು ದೋಣಿ ಹತ್ತಿದ.

ದೋಣಿ ಮೊದಲ ಬಂಡೆಯ ಬಳಿ ಎಗರಿತು. ಮೂವರ ಕಿರುಚಾಟ ಕೇಳಿಸಿತು. ತಿರುವು ದಾಟಿದ ಮೇಲೆ ಅದೂ ಇಲ್ಲ. ದಡದಲ್ಲಿ ಅವಳು, ಚೀಲ, ಚಪ್ಪಲಿಗಳು. ಅವರು ಕೆಳಗೆಲ್ಲೋ ಇಳಿದು ಜೀಪಿನಲ್ಲಿ ಬರುವವರೆಗೆ ಮಾಡುವ ಕೆಲಸಗಳು ಅವಳಿಗೆ ಬಾಯಿಪಾಠವಾಗಿದ್ದವು. ಒಣ ಬಟ್ಟೆ ಮೇಲೆ ತೆಗೆದಿಡುವುದು. ಟವೆಲ್ಲು ತೆಗೆದಿಡುವುದು. ಚೀಲ ಬಿಚ್ಚಿದಳು. ಟವೆಲ್ಲುಗಳೂ ಮೂರೇ ಇದ್ದವು.

ಆ ಮೂರು ಟವೆಲ್ಲುಗಳನ್ನು ಅವಳು ಬಹಳ ಹೊತ್ತು ನೋಡಿದಳು. ದೋಣಿಯವನ ಮೇಲೆ ಬಂದಿದ್ದ ಸಿಟ್ಟು, ಗಂಡನ ಮೇಲಿನದು, ಎರಡೂ ಎಲ್ಲೋ ಇಳಿದುಹೋದವು. ಇದನ್ನು ತುಂಬಿದ್ದು ತನ್ನದೇ ಕೈ. ದೂರಲಿಕ್ಕೂ ಅಲ್ಲಿ ಇನ್ನೊಬ್ಬರಿರಲಿಲ್ಲ.

ಆಮೇಲೆ ಎದ್ದಳು. ಚೀಲ, ಚಪ್ಪಲಿ, ಫೋನು, ಕನ್ನಡಕ ಎಲ್ಲವನ್ನೂ ಛಾವಣಿಯ ಕೆಳಗಿನ ಕಪಾಟಿಗೆ ತುರುಕಿ ಬೀಗ ಹಾಕಿದಳು. ಒಂದು ಟವೆಲ್ಲು ಮಾತ್ರ ಹೊರಗಿಟ್ಟುಕೊಂಡಳು. ಬೀಗದಕೈಯನ್ನು ಕೂದಲಿನ ರಬ್ಬರಿಗೆ ಸಿಕ್ಕಿಸಿ ಮಣಿಕಟ್ಟಿಗೆ ಹಾಕಿಕೊಂಡಳು. ಮೆಟ್ಟಿಲುಗಳ ಪಕ್ಕದಲ್ಲಿ, ಹರಿವಿನ ಹಾದಿಯಿಂದ ಆಚೆ, ದೋಣಿಯವರು ಹೊಸಬರನ್ನು ಅದ್ದಿ ಪಳಗಿಸುವ ನಿಂತ ನೀರಿತ್ತು. ಮೊಣಕಾಲು, ಸೊಂಟ, ಎದೆ. ನೀರು ಹಲ್ಲು ಕಟಕಟಿಸುವಷ್ಟು ತಣ್ಣಗಿತ್ತು. ಕಾಲು ನೆಲ ಬಿಟ್ಟಾಗ ಒಂದು ಕ್ಷಣ ನಿಜವಾಗಿಯೂ ಹೆದರಿದಳು. ಆಮೇಲೆ ತೋಳುಗಳು ತಾವಾಗಿ ನೀರನ್ನು ಹಿಂದಕ್ಕೆ ತಳ್ಳಿದವು. ಆ ನಿಂತ ನೀರಿನ ಆಚೆ ಬದಿಯ ಬಂಡೆ ಮುಟ್ಟಿ ಬಂದಳು. ಉಸಿರು ಮೊದಲಿನಂತಿರಲಿಲ್ಲ. ಮತ್ತೊಮ್ಮೆ ಮುಟ್ಟಿ ಬಂದಳು. "ನೋಡು!" ಎಂದು ಕೂಗಬೇಕೆನ್ನಿಸಿತು. ದಡದಲ್ಲಿ ಯಾರೂ ಇರಲಿಲ್ಲ.

ಜೀಪು ಬಂತು. ಮೂವರೂ ಒಟ್ಟಿಗೆ ಮಾತಾಡುತ್ತ ಇಳಿದರು. ಯಾವ ಸುಳಿಯಲ್ಲಿ ಯಾರು ಬಿದ್ದರು, ಯಾರು ಯಾರನ್ನು ಎಳೆದರು.

"ಚೀಲ ಎಲ್ಲಿ?" ಎಂದ ಮೇಷ್ಟ್ರು, ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ.

"ಕಪಾಟಿನಲ್ಲಿ."

ಬೀಗದಕೈಯನ್ನು ಮಣಿಕಟ್ಟಿನಿಂದ ಬಿಡಿಸಿ ಅವನ ಕೈಗಿಟ್ಟಳು. ಅವನೇ ತೆರೆದು, ತಡಕಿ, ಟವೆಲ್ಲುಗಳನ್ನು ಎಳೆದ. ಒಂದನ್ನು ಮಗಳು, ಒಂದನ್ನು ಮಗ ಕಿತ್ತುಕೊಂಡರು. ಮೂರನೆಯದು ಮೆಟ್ಟಿಲಿನ ಮೇಲೆ ಹರಡಿತ್ತು. ಅವನು ಅದನ್ನೆತ್ತಿದ.

"ಇದು ಒದ್ದೆ ಇದೆಯಲ್ಲ. ಇಲ್ಲಿ ಮಳೆ ಬಂತಾ?"

ಅವಳ ಕೂದಲಿನಿಂದ ನೀರು ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಮಗಳು ತಲೆ ಒರೆಸುತ್ತಿದ್ದವಳು ನಿಲ್ಲಿಸಿ ತಾಯಿಯ ಕಡೆ ನೋಡಿದಳು, ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ತಮ್ಮ ಅವಳ ಭುಜ ತಟ್ಟಿ ಸುಳಿಯ ಮಾತು ತೆಗೆದ.

ಮೇಷ್ಟ್ರು ಕನ್ನಡಕ ಹುಡುಕಿ ಹಾಕಿಕೊಂಡ. ಹಾಕಿಕೊಂಡು ನೋಡಿದ್ದು ಟವೆಲ್ಲನ್ನು. ಅದನ್ನು ಅವಳ ಮುಂದೆ ಹಿಡಿದು, ಒಣಗಿದ್ದು ಇನ್ನೊಂದು ಎಲ್ಲಿಂದಲೋ ಬರುತ್ತದೆಂದು ನಿಂತುಕೊಂಡ.

ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡು, ತನ್ನ ಕೂದಲು ಒರೆಸಿಕೊಳ್ಳತೊಡಗಿದಳು.