ಶಿವಬಸಮ್ಮನವರ ಆರಿದ ಕಾಫಿ

ಬೆಳಗಿನ ಐದೂಮುಕ್ಕಾಲು. ಕೂಡ್ಲಿಗಿ ಬಸ್ ನಿಲ್ದಾಣದ ಪಕ್ಕದ ತಗಡಿನ ಅಂಗಡಿಯಲ್ಲಿ ಶಿವಬಸಮ್ಮ ಕಾಫಿ ಸುರಿಯುತ್ತಿದ್ದಾರೆ. ಬಸ್ಸು ಇನ್ನೂ ಬಂದಿಲ್ಲ. ಆದರೂ ಹಲಗೆಯ ಮೇಲೆ ಮೂವತ್ತು ಲೋಟ ತುಂಬಿ ನಿಂತಿವೆ. ಆರಿಹೋಗುವುದಿಲ್ಲವೇ ಎಂದರೆ ನಗುತ್ತಾರೆ. "ಆರಲಿ ಅಂತನ ಸುರೀತೀನ್ರಿ. ಬಸ್ಸು ಬರೋ ಹೊತ್ತಿಗೆ ಕುಡಿಯೋ ಹದಕ್ಕ ಬಂದಿರ್ತಾವ."

ಹೂವಿನಹಡಗಲಿಯಿಂದ ಮಲ್ಲಿಗೆ ಬುಟ್ಟಿ ಹೇರಿಕೊಂಡು ಬೆಂಗಳೂರಿಗೆ ಹೋಗುವ ಬಸ್ಸು ಇಲ್ಲಿ ನಿಲ್ಲುವುದು ಹತ್ತೇ ನಿಮಿಷ. ಅಷ್ಟರಲ್ಲಿ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ಬಜ್ಜಿ, ಒಂದು ಕಾಫಿ ಹೊಟ್ಟೆ ಸೇರಬೇಕು. ಹದಿನಾಲ್ಕು ವರ್ಷದ ಹಿಂದೆ, ಗಂಡ ತೀರಿಕೊಂಡ ಮೇಲೆ ಅಂಗಡಿ ಹಾಕಿದಾಗ, ಇವರೂ ಎಲ್ಲರಂತೆ ಕುದಿಯುವ ಕಾಫಿಯನ್ನೇ ಕೊಡುತ್ತಿದ್ದರು. "ಒಂದಿನ ಬಸುರಿ ಹೆಣ್ಣುಮಗಳು ತುಂಬಿದ ಲೋಟ ಹಂಗ ಇಟ್ಟು ಓಡಿದ್ಳು. ಬರಿ ಹೊಟ್ಟೀಲಿ ಹೋದಳಲ್ಲ ಅಂತ ಆವತ್ತು ನನಗೂ ಊಟ ಸೇರಲಿಲ್ಲ" ಎನ್ನುತ್ತಾರೆ. ಮರುದಿನದಿಂದಲೇ ಅರ್ಧದಷ್ಟು ಲೋಟಗಳನ್ನು ಮೊದಲೇ ತುಂಬಿ ಆರಿಸಿಡುವುದು ಶುರುವಾಯಿತು.

ಬಸ್ಸಿಗೆ ಕಾಯುತ್ತ ಸೂಟ್‌ಕೇಸ್ ಮೇಲೆ ಕುಳಿತಿರುವ ಮೆಕ್ಯಾನಿಕ್ ಗೌಸ್ ಪೀರ್ ಗಲ್ಫಿನಿಂದ ರಜೆಗೆ ಬಂದವರು. ಇವತ್ತು ರಾತ್ರಿ ಮತ್ತೆ ವಿಮಾನ ಹತ್ತಬೇಕು. "ಹೋದ ಸಲ ಏರ್‌ಪೋರ್ಟಿನ್ಯಾಗ ಕಾಫಿ ತಗಂಡಿದ್ದೆ. ಬಾಯಿಗಿಡಾಕ ಆಗಲಿಲ್ಲ, ಅಷ್ಟು ಸುಡ್ತಿತ್ತು. ಅಷ್ಟರಾಗ ಮೈಕಿನ್ಯಾಗ ಕೂಗಿದ್ರು. ಅಲ್ಲೇ ಬಿಟ್ಟು ಓಡಿದೆ. ಆಗ ಈ ಅಮ್ಮಾರು ನೆನಪಾದ್ರು ನೋಡ್ರಿ!"

ಇವತ್ತು ಮಾತ್ರ ಎಲ್ಲ ಲೋಟಗಳೂ ಮೊದಲೇ ತುಂಬಿರುವುದಕ್ಕೆ ಕಾರಣವಿದೆ. ಹೊಸ ಡ್ರೈವರ್ ಮಂಜಣ್ಣ ನಿನ್ನೆ ಖಡಾಖಂಡಿತವಾಗಿ ಹೇಳಿ ಹೋಗಿದ್ದಾರೆ: "ನಾಳಿ ಐದೇ ನಿಮಿಷ. ಒಬ್ರು ಹಿಂದ ಉಳಿದ್ರೂ ನಾಡಿದ್ದಿಂದ ಹೆದ್ದಾರಿ ಹೋಟೆಲಿಗೇ ನಿಲ್ಲಿಸ್ತೀನಿ." ಈ ಬಸ್ಸು ಹೋದರೆ ಶಿವಬಸಮ್ಮನವರ ಅರ್ಧ ವ್ಯಾಪಾರವೇ ಹೋದಂತೆ. ನಾನು ಮತ್ತೆ ಮತ್ತೆ ರಸ್ತೆಯತ್ತ ನೋಡುತ್ತೇನೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬರ್ಲಿ ಬಿಡ್ರಿ" ಎನ್ನುತ್ತಾರೆ.

ಬಸ್ಸಿಗಿಂತ ಮೊದಲು ಮಲ್ಲಿಗೆಯ ಘಮ ಬರುತ್ತದೆ. ಜನ ಇಳಿದು ನುಗ್ಗುತ್ತಾರೆ. ಮಂಡಕ್ಕಿ ಪೊಟ್ಟಣ ಕಟ್ಟಿ ತಯಾರಾಗಿದೆ, ಮಿರ್ಚಿ ಜೋಡಿ ಜೋಡಿಯಾಗಿ ಕೈ ಸೇರುತ್ತದೆ, ಲೋಟಗಳು ಒಂದೇ ಉಸಿರಿಗೆ ಖಾಲಿಯಾಗುತ್ತವೆ. ಗಡಿಯಾರ ನೋಡುತ್ತ ಬಂದ ಮಂಜಣ್ಣ ಹಲಗೆಯತ್ತ ಮೂಗು ಮುರಿಯುತ್ತಾರೆ. "ಆರಿದ್ದು ಕುಡಿಯೋ ಆಸಾಮಿ ಅಲ್ಲ ನಾನು. ಬಿಸೀದು ಕೊಡ್ರಿ." ಶಿವಬಸಮ್ಮ ಒಲೆಯ ಮೇಲಿನದನ್ನೇ ಬಗ್ಗಿಸಿ ಕೊಡುತ್ತಾರೆ.

ನಾಲ್ಕೂವರೆ ನಿಮಿಷ. ಎಲ್ಲರೂ ಸೀಟಿನಲ್ಲಿದ್ದಾರೆ. ಕಂಡಕ್ಟರ್ ಉಚ್ಚಂಗೆಪ್ಪ ಸೀಟಿ ಊದುತ್ತಾರೆ. ಬಸ್ಸು ಅಲ್ಲಾಡುವುದಿಲ್ಲ. ಮತ್ತೆ ಊದುತ್ತಾರೆ. ಐದು ನಿಮಿಷ ದಾಟುತ್ತದೆ. ಡ್ರೈವರ್ ಸೀಟು ಖಾಲಿ! ಮಂಜಣ್ಣ ಇನ್ನೂ ಅಂಗಡಿಯ ಮುಂದೆ ನಿಂತು ಕಾಫಿಗೆ ಉಫ್ ಉಫ್ ಎಂದು ಊದುತ್ತಿದ್ದಾರೆ.

ಕಿಟಕಿಯಿಂದ ಗೌಸ್ ಪೀರ್ ತಲೆ ಹಾಕಿ ಕೂಗುತ್ತಾರೆ: "ಡ್ರೈವರ್ ಸಾಹೇಬ್ರ, ಒಬ್ರು ಹಿಂದ ಉಳಿದಾರ್ರಿ!"

ಇಡೀ ಬಸ್ಸು ನಗುತ್ತದೆ. ಶಿವಬಸಮ್ಮ ಮಾತ್ರ ನಗದೆ, ಹಲಗೆಯ ಮೇಲೆ ಉಳಿದಿದ್ದ ಆರಿದ ಲೋಟವೊಂದನ್ನು ಮುಂದೆ ಹಿಡಿಯುತ್ತಾರೆ. ಮಂಜಣ್ಣ ಗಟಗಟ ಕುಡಿದು ಬಾಯಿ ಒರೆಸಿಕೊಳ್ಳುತ್ತಾರೆ. "ನಾಳಿಂದ ನನಗೂ ಇದನ್ನ ಇಡ್ರಿ ಅಕ್ಕಾ."

ಬಸ್ಸು ಹೋದ ಮೇಲೆ, ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಶಿವಬಸಮ್ಮ ಲೋಟ ತೊಳೆಯುತ್ತಲೇ ಹೇಳುತ್ತಾರೆ:

"ಒಂದ್ಸಲ ಆ ಏರ್‌ಪೋರ್ಟಿಗೆ ಹೋಗ್ಬೇಕ್ರಿ. ವಿಮಾನ ಹತ್ತಾಕಲ್ಲ. ಕಾಫಿ ಯಾವಾಗ ಸುರಿದಿಡಬೇಕು ಅಂತ ಅವರಿಗೆ ತೋರಿಸಿ, ಮುಂದಿನ ಬಸ್ಸಿಗೆ ವಾಪಸ್ ಬರ್ತೀನಿ."