ಸೀಟಿನಡಿಯ ಗೆರೆ

ಮಾಗಡಿಯ ಕಲ್ಯಾ ಗೇಟಿನ ಹತ್ತಿರ ಮೋಟರ್ ಕಾಯಿಲು ಸುತ್ತುವ ನರಸಯ್ಯನ ಅಂಗಡಿ ಗೊತ್ತಿಲ್ಲದ ರೈತರಿರಲಿಲ್ಲ. ಸುತ್ತಲ ಹಳ್ಳಿಗಳಲ್ಲಿ ಕೊಳವೆಬಾವಿಯ ಮೋಟರ್ ಸುಟ್ಟರೆ ಅದು ಬಂದು ಬೀಳುತ್ತಿದ್ದುದು ಅವನ ಬಾಗಿಲಿಗೇ. ಮೋಟರನ್ನು ಬಿಚ್ಚುವ ಮೊದಲು ಒಂದು ಸಲ ಮೂಸಿ ನೋಡಿ, ಅದು ನೀರಿಲ್ಲದೆ ಓಡಿ ಸುಟ್ಟದ್ದೋ ವೋಲ್ಟೇಜ್ ಸಾಲದೆ ಸುಟ್ಟದ್ದೋ ಹೇಳಿಬಿಡುತ್ತಿದ್ದ. ಸುಟ್ಟ ಕಾಯಿಲು ತೆಗೆಯದೆ ಮೇಲೆ ಒಂದು ಕೋಟು ವಾರ್ನಿಶ್ ಹೊಡೆದು ಈ ಬೇಸಿಗೆ ದಾಟಿಸಿಕೊಡು ಎಂದು ಅಂಗಲಾಚಿದವರನ್ನು ಬೈದು ಕಳಿಸಿದ್ದೂ ಉಂಟು. ಐವತ್ತು ದಾಟಿದ ಈ ಮನುಷ್ಯನಿಗೆ ಬೀಡಿಯಿಲ್ಲ, ಎಲೆಯಡಿಕೆಯಿಲ್ಲ, ಇಸ್ಪೀಟಂತೂ ಇಲ್ಲವೇ ಇಲ್ಲ. ಇಂಥವನು ಎರಡು ಸಾವಿರದ ಹನ್ನೊಂದರ ಶ್ರಾವಣದಲ್ಲಿ ಒಂದು ಕೆಂಪು ಕಾರಿಗೆ ಮರುಳಾದ.

ಸಾವನದುರ್ಗದ ದಾರಿಯಲ್ಲಿ ಒಂದು ರೆಸಾರ್ಟ್ ಮುಚ್ಚಿಹೋಗಿತ್ತು. ಅಲ್ಲಿನ ಪಂಪ್‌ಸೆಟ್ ಬಿಚ್ಚಿ ತರಲು ಹೋದವನಿಗೆ ಹುಣಸೆಮರದ ಕೆಳಗೆ ಟಾರ್ಪಾಲು ಹೊದಿಸಿದ್ದ ಏನೋ ಒಂದು ಕಾಣಿಸಿತು. ಎತ್ತಿ ನೋಡಿದರೆ ಜಪಾನಿನಿಂದ ಬಂದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಸ್ವಿಚ್ಚು ಹಾಕಿದರೆ ಬಾನೆಟ್ಟಿನೊಳಗಿಂದ ದೀಪಗಳು ರೆಪ್ಪೆ ತೆರೆದ ಹಾಗೆ ಮೇಲೇಳುತ್ತಿದ್ದವು. ಮೀಟರಿನಲ್ಲಿ ಎರಡು ಲಕ್ಷದ ಎಂಬತ್ತು ಸಾವಿರ ಕಿಲೋಮೀಟರ್ ದಾಟಿತ್ತು. ಅಷ್ಟು ಓಡಿದ ಗಾಡಿಯನ್ನು ಬುದ್ಧಿಯಿದ್ದವರು ಮುಟ್ಟುವುದಿಲ್ಲ. ಆದರೆ ಕಾಲು ಶತಮಾನ ಬರೀ ನೀರೆತ್ತುವ ಯಂತ್ರಗಳ ಜೊತೆ ಕಳೆದವನಿಗೆ, ಓಡುವುದಕ್ಕೆಂದೇ ಹುಟ್ಟಿದ ಯಂತ್ರವನ್ನು ಕಂಡು ಎದೆಯಲ್ಲಿ ಏನೋ ಅಲುಗಿತು.

ಯಾರದು ಎಂದು ಕಾವಲುಗಾರ ಹುಚ್ಚಯ್ಯನನ್ನು ಕೇಳಿದ. ರೆಸಾರ್ಟಿಗೆ ಪಾಲುದಾರರಾಗಿದ್ದ ಯಾರೋ ಒಬ್ಬರದಂತೆ. ಒಂದು ದಿನ ಅದರಲ್ಲಿ ಬಂದಿಳಿದವರು ಬೀಗದಕೈಯನ್ನು ಮೇಜಿನ ಮೇಲೆ ಇಟ್ಟು, ಗೇಟಿನವರೆಗೆ ನಡೆದು, ಮಾಗಡಿ ಬಸ್ಸು ಹತ್ತಿ ಹೋದರಂತೆ.

"ಗಾಡಿ ಕೆಟ್ಟೋಗಿತ್ತೇನೋ," ಎಂದ ನರಸಯ್ಯ.

"ಇಲ್ಲ ಕಣಪ್ಪ, ಚೆನ್ನಾಗೇ ಓಡಿಸ್ಕೊಂಡ್ ಬಂದ್ರು. ಬಸ್ನಲ್ಲಿ ಯಾಕೋಯ್ತೀರಿ ಸಾ ಅಂದೆ. ಮಾತೇ ಆಡ್ಲಿಲ್ಲ."

ಆ ಮಾತು ನರಸಯ್ಯನ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಫೋನಿನಲ್ಲಿ ಮಾತಾಡಿದಾಗ ಆ ಮಾಲೀಕ ಚೌಕಾಸಿ ಮಾಡಲಿಲ್ಲ, ಇವನು ಹೇಳಿದ್ದಕ್ಕೆ ಒಪ್ಪಿಕೊಂಡ. ಸಹಿ ಹಾಕಿದ ಕಾಗದಪತ್ರಗಳು ಕೊರಿಯರಿನಲ್ಲಿ ಬಂದವು. ಮನುಷ್ಯ ಮಾತ್ರ ಕೊನೆಗೂ ಮುಖ ತೋರಿಸಲಿಲ್ಲ.

ಅಂದಿನಿಂದ ಭಾನುವಾರಗಳೆಲ್ಲ ಕಾರಿನ ಪಾಲಾದವು. ಮನೆಯ ಹಿಂದಿನ ತೆಂಗಿನ ಸೋಗೆಯ ಚಪ್ಪರದಲ್ಲಿ ಅದನ್ನು ನಿಲ್ಲಿಸಿ ಒಂದೊಂದಾಗಿ ಬಿಚ್ಚಿದ. ಟೈಮಿಂಗ್ ಬೆಲ್ಟ್ ಬದಲಾಯಿಸಿದ, ರೇಡಿಯೇಟರ್ ತೊಳೆದ, ಬ್ರೇಕಿನ ಪೈಪುಗಳನ್ನು ಹೊಸದಾಗಿ ಎಳೆದ. ಗೊತ್ತಿಲ್ಲದ್ದನ್ನು ರಾಮನಗರದ ಐಜೂರಿನಲ್ಲಿ ಗ್ಯಾಸ್ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಹಳೆಯ ಸ್ನೇಹಿತ ಮಕ್ಬೂಲ್ ಸಾಹೇಬನನ್ನು ಫೋನಿನಲ್ಲಿ ಕೇಳುತ್ತಿದ್ದ. ಹೆಂಡತಿ ಚಿಕ್ಕಲಕ್ಷ್ಮಮ್ಮ ಮೊದಮೊದಲು ಗೊಣಗಿದಳು, ಆಮೇಲೆ ಸುಮ್ಮನಾದಳು. ಒಬ್ಬಳೇ ಮಗಳು ರಂಗಲಕ್ಷ್ಮಿ ಚನ್ನಪಟ್ಟಣದ ಆಸ್ಪತ್ರೆಯೊಂದರಲ್ಲಿ ನರ್ಸು. ರಜೆಯ ದಿನ ಅಪ್ಪನ ಪಕ್ಕ ಕುಳಿತು ಪಾನಾ ಎತ್ತಿಕೊಡುತ್ತಾ ಕೊಡುತ್ತಾ ಓಡಿಸುವುದನ್ನೂ ಕಲಿತಳು. ಮಂಚನಬೆಲೆಯ ಕಡೆ ಖಾಲಿ ರಸ್ತೆಯಲ್ಲಿ ಅಪ್ಪ ಮಗಳು ಹೋಗಿಬರುವುದು ರೂಢಿಯಾಯಿತು.

ಕಾರು ಎಡಕ್ಕೆ ಎಳೆಯುತ್ತಿತ್ತು. ಬುಷ್ ಹಾಕಿದ, ಸ್ಟೇರಿಂಗಿನ ಕೀಲು ಬದಲಾಯಿಸಿದ, ರಾಮನಗರಕ್ಕೆ ಒಯ್ದು ಚಕ್ರ ಸರಿ ಮಾಡಿಸಿದ. ಹದಿನೈದು ದಿನ ನೆಟ್ಟಗೆ ಓಡಿ ಮತ್ತೆ ಎಡಕ್ಕೇ ತಿರುಗಿತು. ಮುಂದಿನ ಗಾಜು ಒಂದು ಮೂಲೆಯಿಂದ ಸೀಳುಬಿಟ್ಟಿತು. ಹೊಸದು ಹಾಕಿದರೆ ಅದೂ ಅದೇ ಮೂಲೆಯಿಂದ ಸೀಳುಬಿಟ್ಟಿತು. ಬಿಸಿಲೇರಿದ ಮೇಲೆ ಎಡಗಡೆಯ ಬಾಗಿಲು ಕಚ್ಚಿಕೊಳ್ಳುತ್ತಿತ್ತು. ಗಾಜಿನ ಎರಡೂ ಪಕ್ಕದ ಕಂಬಗಳ ಬುಡದಲ್ಲಿ ಕೂದಲೆಳೆಯಷ್ಟು ಬಣ್ಣ ಬಿರಿದಿತ್ತು, ಮೂರು ಸಲ ಮುಚ್ಚಿದರೂ ಮೂರು ಸಲವೂ ಅಲ್ಲೇ ಬಾಯಿಬಿಟ್ಟಿತು.

ದೀಪಾವಳಿಗೆ ಒಂದು ವಾರ ಇದ್ದಾಗ, ಸೀಟು ಕಳಚಿ ಅಡಿಯ ಕಾರ್ಪೆಟ್ಟನ್ನು ಒಗೆಯಲು ಎತ್ತಿದ. ನೆಲದ ತಗಡಿನ ಮೇಲೆ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿನವರೆಗೆ ಅಡ್ಡಲಾಗಿ ಉಬ್ಬಿದ ಗೆರೆಯೊಂದು ಹೋಗಿತ್ತು. ಮೇಲೆ ದಪ್ಪಗೆ ಕಪ್ಪು ಟಾರು ಬಳಿದಿದ್ದರು. ಸ್ಕ್ರೂಡ್ರೈವರಿನಿಂದ ಒಂದು ಕಡೆ ಕೆರೆದ. ಟಾರಿನ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ವೆಲ್ಡಿಂಗಿನ ಗಂಟುಗಳು. ಮಂಡಿಯೂರಿ ಅದನ್ನೇ ನೋಡುತ್ತಾ ಕುಳಿತ. ಚಪ್ಪರದ ಆಚೆ ಚಿಕ್ಕಲಕ್ಷ್ಮಮ್ಮ ಪಾತ್ರೆ ಉಜ್ಜುತ್ತಿದ್ದ ಸದ್ದು ಕೇಳುತ್ತಿತ್ತು.

ಮಕ್ಬೂಲನಿಗೆ ಫೋನು ಮಾಡಬೇಕೆಂದು ಅವನಿಗೆ ಅನಿಸದೆ ಇರಲಿಲ್ಲ. ಜೇಬಿಗೆ ಕೈಯೂ ಹೋಯಿತು. ಆದರೆ ಫೋನು ಮಾಡಿದರೆ ಏನು ಉತ್ತರ ಬರುತ್ತದೆ ಎಂದು ಒಳಗೆಲ್ಲೋ ಗೊತ್ತಿತ್ತು. ಹಳೇ ಗಾಡಿ, ತುಕ್ಕು ಹಿಡಿದಿದ್ದಕ್ಕೆ ಯಾರೋ ತೇಪೆ ಹಾಕಿರಬೇಕು ಎಂದುಕೊಂಡ. ಕೆರೆದ ಜಾಗಕ್ಕೆ ಮತ್ತೆ ಟಾರು ಮೆತ್ತಿದ. ಒಗೆದ ಕಾರ್ಪೆಟ್ಟು ಹಾಸಿ ಸೀಟು ಬಿಗಿದ. ಯಾರಿಗೂ ಹೇಳಲಿಲ್ಲ. ಮುಂದಿನ ಭಾನುವಾರ ಮಗಳು ಬೀಗದಕೈ ಕೇಳಿದಾಗ ಇಲ್ಲವೆನ್ನಲೂ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ರಂಗಲಕ್ಷ್ಮಿಯ ಜೊತೆ ಕೆಲಸ ಮಾಡುವ ಸರಸಮ್ಮ ಎಂಬುವರ ಮೊಮ್ಮಗುವಿಗೆ ಬೈರಾಪಟ್ಟಣದಲ್ಲಿ ನಾಮಕರಣ ಇತ್ತು. ತಾಯಿಯನ್ನೂ ಕೂರಿಸಿಕೊಂಡು ಕಾರಿನಲ್ಲೇ ಹೋಗಿಬರುತ್ತೇನೆಂದಳು. ಚಿಕ್ಕಲಕ್ಷ್ಮಮ್ಮ ಅಷ್ಟು ದೂರಕ್ಕೆ ಆ ಕಾರಿನಲ್ಲಿ ಕುಳಿತದ್ದೇ ಇಲ್ಲ. ರೇಷ್ಮೆ ಸೀರೆ ಸುಕ್ಕಾಗದಂತೆ ಒಳಗೆ ಜಾರಿ ಕುಳಿತಳು. ನರಸಯ್ಯ ಅಂಗಡಿ ಬಿಟ್ಟು ಹೋಗುವಂತಿರಲಿಲ್ಲ. ಕಾರಿನ ಹಿಂಭಾಗದಲ್ಲಿದ್ದ ಪೆಟ್ರೋಲ್ ಟ್ಯಾಂಕಿನ ಹೊರಮುಚ್ಚಳದ ಸ್ಪ್ರಿಂಗು ಮುರಿದಿತ್ತು, ಅದೊಂದನ್ನು ಬಿಚ್ಚಿ ಇಟ್ಟುಕೊಂಡು ಅವರನ್ನು ಕಳಿಸಿದ.

ಅವರು ಹೋಗಿ ಅರ್ಧ ಗಂಟೆಯಾಗಿರಬಹುದು. ಅಂಗೈಯಗಲದ ಆ ಮುಚ್ಚಳಕ್ಕೆ ಹೊಸ ಬಣ್ಣ ಹೊಡೆಯೋಣವೆಂದು ಉಪ್ಪುಕಾಗದದಲ್ಲಿ ಉಜ್ಜತೊಡಗಿದ. ಕೆಂಪು ಸವೆದು ಕೆಳಗಿನ ಬಣ್ಣ ಬಂತು. ಹಸಿರು. ಕೈ ನಿಂತಿತು. ಮೊದಲೊಮ್ಮೆ ಬಾನೆಟ್ಟನ್ನು ಉಜ್ಜಿದಾಗ ಕೆಂಪಿನ ಕೆಳಗೆ ಕಂಡಿದ್ದು ಅಚ್ಚ ಬಿಳುಪು.

ಮುಂದೆ ಬಿಳಿ, ಹಿಂದೆ ಹಸಿರು, ನಡುವೆ ಆ ಗೆರೆ.

ಫೋನು ತೆಗೆದು ಮಕ್ಬೂಲನಿಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಆ ಕಡೆ ಗ್ಯಾಸಿನ ಸದ್ದು ನಿಂತಿತು.

"ಗೆರೆ ನೆಲದಲ್ಲಷ್ಟೇ ಐತಾ, ಗಾಜಿನ ಕಂಬದಲ್ಲೂ ಐತಾ ನರಸಣ್ಣ?"

"ಎರಡು ಕಂಬದ ಬುಡದಲ್ಲೂ ಬಣ್ಣ ಬಿರೀತದೆ."

ಮಕ್ಬೂಲ್ ಹೇಳಿದ: "ಅದು ಒಂದು ಕಾರಲ್ಲಣ್ಣ. ಮೂತಿ ಜಜ್ಜಿದ್ದು ಒಂದು, ಹಿಂಭಾಗ ಜಜ್ಜಿದ್ದು ಒಂದು. ಎರಡನ್ನೂ ಅರ್ಧಕ್ಕೆ ಕುಯ್ದು ಚೆನ್ನಾಗಿರೋ ಭಾಗ ಅಂಟಿಸವ್ರೆ. ಯಾವಾಗ ಬೇಕಾದ್ರೂ ಬಿಡ್ತದೆ. ಅದನ್ನ ತೆಗೀಲೇಬೇಡ."

"ಹೆಂಗಸ್ರು ತಕ್ಕೊಂಡೋಗವ್ರೆ," ಎಂದ ನರಸಯ್ಯ.

ಮಗಳ ಫೋನು ರಿಂಗಾಯಿತು, ಎತ್ತಲಿಲ್ಲ. ಓಡಿಸುವಾಗ ಫೋನು ಮುಟ್ಟಬಾರದೆಂದು ಕಟ್ಟುನಿಟ್ಟು ಮಾಡಿದವನು ಅವನೇ. ಅಂಗಡಿಯನ್ನು ತೆರೆದಂತೆಯೇ ಬಿಟ್ಟು, ಟಿವಿಎಸ್ ಏರಿ ರಾಮನಗರದ ರಸ್ತೆ ಹಿಡಿದ.

ಹಗಲು ಹನ್ನೊಂದರ ಬಿಸಿಲು. ಹೊಲಗಳಲ್ಲಿ ರಾಗಿ ಮೆದೆ ಒಟ್ಟಿದ್ದರು, ರಸ್ತೆಯ ಮೇಲೆ ಹುರುಳಿ ಹರವಿದ್ದರು. ಪ್ರತಿ ಹಂಪು ಬಂದಾಗಲೂ ಅದರ ಮೇಲೆ ಆ ತಗ್ಗು ಕಾರು ಏರಿ ಇಳಿದದ್ದು ಅವನ ಬೆನ್ನುಮೂಳೆಗೇ ತಟ್ಟುತ್ತಿತ್ತು. ದಾರಿಯುದ್ದಕ್ಕೂ ಎಷ್ಟು ಹಂಪುಗಳಿವೆ ಎಂದು ಅವತ್ತೇ ಅವನಿಗೆ ಗೊತ್ತಾದದ್ದು. ಒಂದು ತಿರುವಿನಲ್ಲಿ ಲಾರಿಯೊಂದು ಅಡ್ಡ ನಿಂತು, ಸುತ್ತ ಏಳೆಂಟು ಜನ ಬಗ್ಗಿ ಏನನ್ನೋ ನೋಡುತ್ತಿದ್ದರು. ಟಿವಿಎಸ್ ನಿಲ್ಲಿಸಲು ಕೈ ಬರಲಿಲ್ಲ, ಕಾಲು ನೆಲಕ್ಕೆ ತಾಗಿಸಿಕೊಂಡೇ ಹತ್ತಿರ ಹೋದ. ಲಾರಿಯ ಟೈರು ಸಿಡಿದಿತ್ತು, ಅಷ್ಟೇ. ಕೆಂಪು ಕಾರು ಹೋಯಿತೇ ಎಂದು ಕೇಳಿದ. ಹೋಯಿತು, ಏನೋ ಕಿರುಗುಟ್ಟುತ್ತಿತ್ತು ಎಂದು ಯಾರೋ ಹೇಳಿದರು.

ಜಾಲಮಂಗಲ ದಾಟಿ ಒಂದು ಮೈಲಿ ಹೋದ ಮೇಲೆ ಹೊಂಗೆಮರದ ಕೆಳಗೆ ಕಾರು ಕಂಡಿತು. ಒಳಗೆ ಯಾರೂ ಇರಲಿಲ್ಲ. ಬಲಗಡೆಯ ಬಾಗಿಲು ತೆರೆದಿತ್ತು. ಎಡಗಡೆಯ ಬಾಗಿಲು ಚೌಕಟ್ಟಿನಲ್ಲಿ ಸೊಟ್ಟಗೆ ಸಿಕ್ಕಿಕೊಂಡು, ಅದರ ಮೇಲಂಚಿನಲ್ಲಿ ಎರಡು ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಗಾಜಿನ ಕಂಬ ಬುಡದಲ್ಲಿ ಹರಿದಿತ್ತು. ಮಗಳ ಹೆಸರು ಹಿಡಿದು ಕೂಗಿದ.

ಮೋರಿಯ ಕಟ್ಟೆಯ ಆಚೆಯಿಂದ ರಂಗಲಕ್ಷ್ಮಿ ಎದ್ದು ನಿಂತಳು. ತಾಯಿಯ ಮಂಡಿ ತರಚಿತ್ತು, ಅದಕ್ಕೆ ಕರ್ಚೀಫು ಕಟ್ಟುತ್ತಿದ್ದಳು. ಶಾಲೆಯ ಮುಂದಿನ ಹಂಪು ಇಳಿದಾಗ ಕಾಲ ಕೆಳಗೆ ಬಟ್ಟೆ ಹರಿದಂತೆ ಸದ್ದಾಯಿತಂತೆ. ಕೂಡಲೇ ನಿಲ್ಲಿಸಿದಳಂತೆ. ಅಮ್ಮನ ಕಡೆಯ ಬಾಗಿಲು ತೆರೆಯಲಿಲ್ಲ, ತನ್ನ ಕಡೆಯಿಂದಲೇ ಎಳೆದುಕೊಂಡಳಂತೆ. ಇದನ್ನೆಲ್ಲ ಆಸ್ಪತ್ರೆಯಲ್ಲಿ ರೋಗಿಯ ವಿಷಯ ಡಾಕ್ಟರಿಗೆ ಒಪ್ಪಿಸುವಂತೆ ನಿಧಾನವಾಗಿ ಹೇಳಿದಳು. ಆಮೇಲೆ, ನೀನು ಯಾಕೆ ಬಂದೆ ಎಂದು ಕೇಳಿದಳು.

ನರಸಯ್ಯ ಸುಳ್ಳು ಹೇಳಬಹುದಿತ್ತು. ಕಟ್ಟೆಯ ಮೇಲೆ ಕುಳಿತು ಹಸಿರು ಬಣ್ಣದ ಕಥೆ ಹೇಳಿದ, ಮಕ್ಬೂಲನ ಮಾತು ಹೇಳಿದ. ಅಲ್ಲಿಗೇ ನಿಲ್ಲಿಸದೆ ಸೀಟಿನ ಅಡಿಯ ಗೆರೆಯನ್ನೂ ಹೇಳಿದ.

"ಯಾವಾಗ ನೋಡ್ದೆ ಅದನ್ನ?" ಎಂದಳು ಮಗಳು.

"ದೀಪಾವಳಿಗೆ ಮೊದ್ಲು."

ಅವಳು ಬೈಯಲಿಲ್ಲ. ರಸ್ತೆಯ ಕಡೆ ನೋಡುತ್ತಾ ಒಂದೊಂದೇ ಬೆರಳು ಮಡಿಸತೊಡಗಿದಳು. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಆ ಕಾರಿನಲ್ಲಿ ಎಲ್ಲೆಲ್ಲಿ ಹೋದೆವೆಂದು ಲೆಕ್ಕ ಹಾಕುತ್ತಿದ್ದಾಳೆಂದು ಅವನಿಗೆ ತಿಳಿಯಿತು. ರಾಮನಗರದ ಬಸ್ಸು ಬಂದಾಗ ಕೈ ಅಡ್ಡ ಹಾಕಿ, ತಾಯಿಯನ್ನು ಹತ್ತಿಸಿಕೊಂಡು ಹೊರಟುಹೋದಳು.

ಸಂಜೆಯ ಹೊತ್ತಿಗೆ ಮಕ್ಬೂಲ್ ಕ್ರೇನು ತಂದ. ಕೊಕ್ಕೆ ಎತ್ತಿದ್ದೇ ತಡ, ಕಾರು ನಡುವಿನಲ್ಲಿ ಬಾಗಿ, ನೆಲದ ತಗಡು ಆ ಗೆರೆಯುದ್ದಕ್ಕೂ ಬಿಚ್ಚಿಕೊಂಡಿತು. ಅದರ ಕೆಳಗೆ ರಸ್ತೆ ಕಾಣಿಸಿತು.

ಪೊಲೀಸರಿಗೆ ದೂರು ಕೊಟ್ಟದ್ದಾಯಿತು, ಅವರು ಕಾರು ನೋಡಿ ಬರೆದುಕೊಂಡು ಹೋದದ್ದೂ ಆಯಿತು. ಮಾರಿದವನ ಫೋನು ಸತ್ತಿತ್ತು, ಕಾಗದದಲ್ಲಿದ್ದ ವಿಳಾಸದ ಮನೆಯಲ್ಲಿ ಬೇರೆ ಯಾರೋ ಇದ್ದರು. ವಾರದೊಳಗೆ, ಕಾರನ್ನು ತಂದು ಹಾಕಿದ್ದ ಮಕ್ಬೂಲನ ಅಂಗಡಿಗೆ ಒಬ್ಬ ಹುಡುಕಿಕೊಂಡು ಬಂದ. ಹಾಗೇ ಕೊಟ್ಟುಬಿಡಿ, ನಾನು ಬೆಸೆದು ಬಣ್ಣ ಹೊಡೆಸಿಕೊಳ್ಳುತ್ತೇನೆ, ನೀವು ಕೊಟ್ಟಿದ್ದಕ್ಕಿಂತ ಹೆಚ್ಚೇ ಕೊಡುತ್ತೇನೆ ಎಂದ. ಸುದ್ದಿ ಅವನಿಗೆ ಹೇಗೆ ಮುಟ್ಟಿತೋ. ಅವನ ಕಣ್ಣು ಮಾತ್ರ ನೇರವಾಗಿ ಆ ಹರಿದ ಗೆರೆಗೇ ಹೋಗಿ ಸರಿಯಾಗಿ ಅಳೆದು ಬಂದದ್ದನ್ನು ನರಸಯ್ಯ ಕಂಡ.

"ಇದು ಮಾರೋ ಮಾಲಲ್ಲ," ಎಂದ. ಬಂದವನು ಹೋದ ಮೇಲೆ ಮಕ್ಬೂಲನ ಕೈಯಿಂದ ಗ್ಯಾಸ್ ಕಟರ್ ತೆಗೆದುಕೊಂಡು, ಮೊದಲು ಚಾಸಿಸ್ ನಂಬರಿನ ತಗಡು, ಆಮೇಲೆ ಕಂಬಗಳು, ಬಾಗಿಲ ಚೌಕಟ್ಟು, ಹೀಗೆ ಯಾರೂ ಮತ್ತೆ ಕೂಡಿಸಲಾಗದಂತೆ ಎರಡು ದಿನ ಕುಳಿತು ತಾನೇ ತುಂಡು ಮಾಡಿದ. ಬಹಳ ಮುದ್ದು ಮಾಡಿದ್ದ ಎಂಜಿನ್ನು ಕೂಡ ಉಳಿಸಿಕೊಳ್ಳಲಿಲ್ಲ.

ಹಸಿರು ಬಣ್ಣದ ಹಿಂಭಾಗವನ್ನು ಕತ್ತರಿಸುವಾಗ ಒಳಗಿನ ತಗಡಿನ ಸಂದಿನಿಂದ ಗಾಜಿನ ಪುಡಿ ಸುರಿಯಿತು. ಅದರ ಜೊತೆಗೆ ಕನ್ನಡಕದ ಒಂದು ಕಡ್ಡಿಯೂ ಬಿತ್ತು, ಸಣ್ಣದು, ಹೆಂಗಸಿನದೋ ಮಕ್ಕಳದೋ. ಮಕ್ಬೂಲ್ ಟೋಪಿ ಸರಿಮಾಡಿಕೊಂಡು ಬಾಯೊಳಗೇ ಏನೋ ಪಠಿಸಿದ. ನರಸಯ್ಯ ಅದನ್ನು ಸ್ಟೇಷನ್ನಿಗೆ ಒಯ್ದು ಕೊಟ್ಟ. ಅವರು ತಿರುಗಿಸಿ ನೋಡಿ ವಾಪಸು ಕೊಟ್ಟರು. ಬಿಸಾಡಲು ಕೈ ಬರಲಿಲ್ಲ. ಇವತ್ತಿಗೂ ಅದು ಅಂಗಡಿಯ ಡ್ರಾಯರಿನಲ್ಲಿ, ತಾಮ್ರದ ತಂತಿಯ ಸುರುಳಿಗಳ ಹಿಂದೆ ಇದೆ.

ಆಮೇಲೆ ಬಹಳ ದಿನ ಅವನು ರಸ್ತೆಯಲ್ಲಿ ಹೋಗುವ ಕಾರುಗಳನ್ನು ನೋಡುವ ರೀತಿಯೇ ಬದಲಾಯಿತು. ಹೊಳೆಯುವ ಬಣ್ಣ ಕಂಡರೆ ಅದರ ಕೆಳಗೆ ಬೇರೆ ಯಾವ ಬಣ್ಣವಿದೆಯೋ ಎನಿಸುತ್ತಿತ್ತು. ಬಸ್‌ಸ್ಟಾಂಡಿನಲ್ಲಿ ನಿಂತ ಟ್ಯಾಕ್ಸಿಗಳ ಗಾಜಿನ ಕಂಬದ ಬುಡವನ್ನು ಬಗ್ಗಿ ನೋಡುತ್ತಿದ್ದ. ಡ್ರೈವರುಗಳು ನಗುತ್ತಿದ್ದರು.

ರಂಗಲಕ್ಷ್ಮಿ ಅಪ್ಪನೊಡನೆ ಮಾತು ಬಿಡಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಜ್ವರ ಬಂದರೆ ಮಾತ್ರೆ ಕೊಡುತ್ತಿದ್ದಳು. ಮರುವರ್ಷ ಒಂದು ಸ್ಕೂಟರು ಕೊಂಡಳು. ಅದರ ಬ್ರೇಕು ಸಡಿಲವಾದಾಗ ಕಂಪನಿಗೆ ಒಯ್ಯುತ್ತಾಳೆಂದು ನರಸಯ್ಯ ಅಂದುಕೊಂಡಿದ್ದ. ಅವಳು ಚಪ್ಪರಕ್ಕೇ ತಂದು ನಿಲ್ಲಿಸಿ, ಒಸಿ ನೋಡಪ್ಪ ಎಂದಳು.

ಅವನು ಖುಷಿಯಿಂದ ಪಾನಾ ತಂದು ಕುಳಿತ. ಅವಳು ಒಳಗೆ ಹೋಗಲಿಲ್ಲ. ಬೆನ್ನ ಹಿಂದೆ ನಿಂತು, ಅವನು ಬಿಚ್ಚಿದ ಒಂದೊಂದು ನಟ್ಟನ್ನೂ ಮತ್ತೆ ಬಿಗಿಯುವವರೆಗೆ ಕಣ್ಣು ತೆಗೆಯದೆ ನೋಡುತ್ತಿದ್ದಳು.